ಫ್ರೆಸ್ಕೊ ರಿಪೇರಿಲಿ ಬೇರಿಯಂ ಯಾಕೆ? (ಎರಡು ದಿನ ತಲೆ ಕೆಟ್ಟ ನೋಟ್ಸ್)

ಚರ್ಚ್ ಕಲೆ ಕಾಪಾಡೋರು ಅರ್ಧ ಇತಿಹಾಸಕಾರರು, ಅರ್ಧ ಕೆಮಿಸ್ಟ್‌ಗಳು. ಇತಿಹಾಸದ ಭಾಗ ನಂಗೆ ಸಲೀಸು: ಪಾದ್ರಿ ಆಗೋಕೆ ಓದೋರಿಗೂ ಪವಿತ್ರ ಕಲೆಯ ಇತಿಹಾಸ ಕಲಿಸ್ಬೇಕು ಅಂತ 1963ರಲ್ಲೇ ಕ್ಯಾಥೊಲಿಕ್ ಚರ್ಚ್‌ನ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತ್ತು. ಅಷ್ಟು ಸಾಕು, ಮುಂದೆ.

ಫ್ರೆಸ್ಕೊ ಅಂದ್ರೆ ಹಸಿ ಸುಣ್ಣದ ಗಾರೆ ಮೇಲೆ ಬಣ್ಣ. ಸುಣ್ಣ ಒಣಗ್ತಾ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಣ್ಣಾನ ಕಚ್ಕೊಳ್ಳುತ್ತೆ, ಅಂಟು ಗಿಂಟು ಏನೂ ಇಲ್ಲ. ಆದ್ರೆ ಕೊಳಕು ಗಾಳೀಲಿರೋ ಗಂಧಕದ ಅನಿಲ, ಜೊತೆಗೆ ತೇವ ಸೇರಿದ್ರೆ ಅದೇ ಕಾರ್ಬೊನೇಟ್ ಜಿಪ್ಸಂ ಆಗ್ಬಿಡುತ್ತೆ, ಅದಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಜಾಗ ಬೇಕು, ಒಳಗಿಂದ ಉಬ್ಬಿ ಬಣ್ಣ ಪುಡಿಯಾಗಿ ಉದುರುತ್ತೆ. 1966ರ ನವೆಂಬರ್ 4ರ ಪ್ರವಾಹದ ನಂತರ ಫ್ಲಾರೆನ್ಸ್‌ನಲ್ಲಿ ಕೆಮಿಸ್ಟ್ ಎಂಜೊ ಫೆರೋನಿ, ಚಿತ್ರ ಸರಿಮಾಡೋ ಡಿನೊ ಡಿನಿ ಸೇರಿ ಇದಕ್ಕೆ ಎರಡು ಹಂತದ ಮದ್ದು ಕಂಡ್ಕೊಂಡ್ರು. ಸ್ಯಾನ್ ಮಾರ್ಕೊ ಮಠದಲ್ಲಿ ಫ್ರಾ ಆಂಜೆಲಿಕೊ ಬರೆದ ಶಿಲುಬೆ ಚಿತ್ರಕ್ಕೂ ಇದೇ ಮದ್ದು.

ಮೊದಲನೇದು: ಅಮೋನಿಯಂ ಕಾರ್ಬೊನೇಟ್‌ನ ಕಾಗದದ ಪಲ್ಪ್‌ಗೆ ನೆನೆಸಿ ಗೋಡೆಗೆ ಪಟ್ಟು ಹಾಕೋದು. ಜಿಪ್ಸಂ ವಾಪಸ್ ಕಾರ್ಬೊನೇಟ್ ಆಗುತ್ತೆ, ಪಕ್ಕದಲ್ಲಿ ಅಮೋನಿಯಂ ಸಲ್ಫೇಟ್ ಹುಟ್ಟುತ್ತೆ.

ನಾನು ಇಲ್ಲೇ ಎಡವಿದ್ದು. ಕಾರ್ಬೊನೇಟ್ ವಾಪಸ್ ಬಂತಲ್ಲ, ಕೆಲಸ ಮುಗೀತಲ್ಲ, ಮತ್ತೆ ಬೇರಿಯಂ ಹೈಡ್ರಾಕ್ಸೈಡ್ ಪಟ್ಟು ಯಾಕೆ? ಬರೀ ಕ್ಲೀನ್ ಮಾಡೋಕೆ ಇರ್ಬೇಕು ಅಂದ್ಕೊಂಡಿದ್ದೆ, ಅದು ಅರ್ಧ ಸರಿ ಅಷ್ಟೇ. ಅಮೋನಿಯಂ ಸಲ್ಫೇಟ್ ನೀರಲ್ಲಿ ಕರಗುತ್ತೆ, ಅಂದ್ರೆ ಅದು ಹೋಗಿಲ್ಲ, ಗೋಡೆ ಒಳಗೇ ಕೂತಿದೆ, ಬಿಟ್ರೆ ಮತ್ತೆ ಕಾಟ. ಬೇರಿಯಂ ಆ ಸಲ್ಫೇಟ್‌ನ ಹಿಡ್ಕೊಂಡು ಕರಗದೇ ಇರೋ ಬೇರಿಯಂ ಸಲ್ಫೇಟ್ ಮಾಡಿ ಕೂರಿಸುತ್ತೆ, ಅಮೋನಿಯಾ ಗಾಳಿಗೆ ಹಾರುತ್ತೆ. (ಹೊಟ್ಟೆ ಎಕ್ಸ್‌ರೇ ತೆಗೆಯೋಕೆ ಮುಂಚೆ ಕುಡಿಸ್ತಾರಲ್ಲ ಬಿಳೀ ದ್ರವ, ಅದರಲ್ಲಿರೋದು ಇದೇ ಬೇರಿಯಂ ಸಲ್ಫೇಟ್. ಕರಗಲ್ಲ ಅನ್ನೋದನ್ನ ನಾನು ನೆನಪಿಟ್ಕೊಂಡಿದ್ದು ಹಿಂಗೆ.)

ಉಳಿದರ್ಧ ಇನ್ನೂ ಮಜಾ. ಮೊದಲ ಹಂತದಲ್ಲಿ ಬಂದ ಕಾರ್ಬೊನೇಟ್ ಹಿಟ್ಟಿನ ಥರ, ಬಣ್ಣಾನ ಹಿಡಿಯಲ್ಲ. ಮಿಕ್ಕಿದ ಬೇರಿಯಂ ಹೈಡ್ರಾಕ್ಸೈಡ್ ಆ ಹಿಟ್ಟಿನ ಜೊತೆ ನಿಧಾನಕ್ಕೆ ಸೇರಿ ಹೊಸದಾಗಿ ಸುಣ್ಣ ಹುಟ್ಸುತ್ತೆ, ಅದು ಗಾಳಿ ಕುಡಿದು ಮತ್ತೆ ಗಟ್ಟಿ ಆಗುತ್ತೆ. ಅಂದ್ರೆ ಫ್ರೆಸ್ಕೊ ಮೊದಲು ಹುಟ್ಟಿದ ಕ್ರಮಾನೇ ಇನ್ನೊಂದ್ಸಲ! ನನ್ನ ಶಾರ್ಟ್‌ಕಟ್: ಅಮೋನಿಯಂ ಬಿಡ್ಸುತ್ತೆ, ಬೇರಿಯಂ ಕಟ್ಟುತ್ತೆ.

ಎಲ್ಲಾ ಗೋಡೆಗೂ ಇದು ನಡೆಯಲ್ಲ. ಹಳೇ ಚಿತ್ರಕಾರರು ಅಜುರೈಟ್ ನೀಲೀನ ಬಹಳ ಸಲ ಗಾರೆ ಒಣಗಿದ ಮೇಲೆ ಅಂಟಲ್ಲಿ ಕಲಸಿ ಹಚ್ತಿದ್ರು, ಅದು ತಾಮ್ರದ ಬಣ್ಣ, ಅಮೋನಿಯಾ ತಾಗಿದ್ರೆ ಕೆಡುತ್ತೆ, ಅಂಟಿಗೂ ಬೇರಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ಆಗ್ಬರಲ್ಲ. ಒಮ್ಮೆ ಹಾಕಿದ ಬೇರಿಯಂನ ವಾಪಸ್ ತೆಗೆಯೋಕೂ ಆಗಲ್ಲ. ಹಂಗಾಗಿ ಮಾತೆ ಮರಿಯಳ ನೀಲಿ ನಿಲುವಂಗಿ ಮೇಲೆ ಪಟ್ಟು ಇಡೋಕೆ ಮುಂಚೆ ಅದನ್ನ ಹಸೀಲಿ ಬರೆದ್ರಾ ಒಣಗಿದ್ಮೇಲಾ ಅಂತ ಹೇಳೋಕೆ ಆ ಸಲೀಸಾದ ಇತಿಹಾಸದ ಅರ್ಧವೇ ಬೇಕು.