ಅಂಬಲಿ ಫ್ಲಾಸ್ಕು ಮತ್ತು ಮೂಗಿನ ಪೈಪು

ನಮ್ಮ ಐಸಿಯು ಬಾಗಿಲ ಹೊರಗೆ ಬೆಳಿಗ್ಗೆ ಹೊತ್ತು ಯಾರದಾದರೂ ಕೈಯಲ್ಲಿ ಒಂದು ಸ್ಟೀಲ್ ಫ್ಲಾಸ್ಕ್ ಇದ್ದೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ಹಾಗೆ ನಿಂತಿದ್ದವನು ಒಬ್ಬ ರೈತರ ಮಗ. ಅಪ್ಪನಿಗೆ ನ್ಯುಮೋನಿಯಾ, ವೆಂಟಿಲೇಟರ್ ಹಾಕಿ ಎರಡನೇ ದಿನ. "ಮೇಡಂ, ಅಪ್ಪ ಏನೂ ತಿಂದಿಲ್ಲ. ಅಮ್ಮ ರಾಗಿ ಅಂಬಲಿ ಮಾಡಿ ಕಳ್ಸಿದ್ದಾರೆ. ಪೈಪಲ್ಲಿ ಹಾಕ್ತೀರಾ?"

ಐಸಿಯು ಡಯಟಿಶಿಯನ್ ಆದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. "ಇಲ್ಲ" ಅಂತ ಒಂದೇ ಮಾತು ಹೇಳಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆ ಫ್ಲಾಸ್ಕಿನ ಹಿಂದೆ ನಸುಕಿನಲ್ಲೇ ಎದ್ದು ಒಲೆ ಹಚ್ಚಿದ ಒಬ್ಬ ಹೆಂಗಸು ಇರುತ್ತಾರೆ. ಹಾಗಾಗಿ ಪಕ್ಕದಲ್ಲಿ ಕೂತು ಲೆಕ್ಕ ಹೇಳುತ್ತೇನೆ.

ಅವರಪ್ಪನ ತೂಕ 60 ಕೆ.ಜಿ. ಕಾಯಿಲೆಯ ಮೊದಲ ಹೊಡೆತ ತಗ್ಗಿದ ಮೇಲೆ ಅವರಿಗೆ ದಿನಕ್ಕೆ ಸುಮಾರು 1500 ಕ್ಯಾಲರಿ, 78 ಗ್ರಾಂ ಪ್ರೋಟೀನ್ ಬೇಕು. ಮೂಗಿನಿಂದ ಹೊಟ್ಟೆಗೆ ಹೋಗುವ ಪೈಪಿನಲ್ಲಿ ಇಳಿಯುವಷ್ಟು ತೆಳ್ಳಗಿನ ಒಂದು ಲೋಟ ಅಂಬಲಿಗೆ ಎಷ್ಟು ಹಿಟ್ಟು ಹಾಕಬಹುದು? ಹೆಚ್ಚೆಂದರೆ 20 ಗ್ರಾಂ. ಅದರಲ್ಲಿ ಸಿಗುವ ಪ್ರೋಟೀನ್ ಒಂದೂವರೆ ಗ್ರಾಮಿನಷ್ಟು. ಅಂದರೆ ದಿನಕ್ಕೆ 50 ಲೋಟ ಅಂಬಲಿ ಕುಡಿಸಬೇಕು! ಇದನ್ನು ಕೇಳಿದ ಮೇಲೆ ಯಾರೂ ವಾದ ಮಾಡುವುದಿಲ್ಲ. ಜೊತೆಗೆ ಇನ್ನೆರಡು ತೊಂದರೆ ಇವೆ. ಎಷ್ಟೇ ಸೋಸಿದರೂ ಗಂಜಿ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಬಂದ ಉಗುರುಬೆಚ್ಚಗಿನ ಗಂಜಿಯಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಆರೋಗ್ಯವಂತರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ. ಐಸಿಯುನಲ್ಲಿ ಮಲಗಿದವರ ಹೊಟ್ಟೆಗೆ ಆ ಶಕ್ತಿ ಇರುವುದಿಲ್ಲ. ಅದಕ್ಕೇ ನಾವು ಫಾರ್ಮುಲಾ ಫೀಡ್, ಅಂದರೆ ಅಳತೆಯಿರುವ ದ್ರವ ಆಹಾರ ಬಳಸುತ್ತೇವೆ.

ಈಗ ಪೈಪಿನ ವಿಷಯ. ನಮ್ಮಲ್ಲಿ ಇದನ್ನು ರೈಲ್ಸ್ ಟ್ಯೂಬ್ ಅನ್ನುತ್ತೇವೆ. 1921ರಲ್ಲಿ ಇದನ್ನು ಪರಿಚಯಿಸಿದ ಬ್ರಿಟಿಷ್ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಅವರ ಹೆಸರು ಅದು. ಹಾಕುವ ಮುಂಚೆ ಸಿಸ್ಟರ್ ಪೈಪನ್ನು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಹಿಡಿದು ಅಳೆಯುತ್ತಾರೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 50ರಿಂದ 60 ಸೆಂ.ಮೀ. ಒಳಗೆ ಹೋದ ಮೇಲೆ ಮೂಗಿನ ಅಂಚಿನಲ್ಲಿ ಯಾವ ಗುರುತು ಬಂತೋ ಅದನ್ನು ಚಾರ್ಟಿನಲ್ಲಿ ಬರೆಯಬೇಕು. ನಾನು ರೌಂಡ್ಸಿಗೆ ಹೋದಾಗ ಮೊದಲು ನೋಡುವುದು ಆ ಸಂಖ್ಯೆಯನ್ನೇ. ನಿನ್ನೆ 56 ಇದ್ದದ್ದು ಇವತ್ತು 48 ಆಗಿದ್ದರೆ ಪೈಪು ಜಾರಿದೆ ಅಂತ ಅರ್ಥ. ಅಂಥ ಪೈಪಿಗೆ ಒಂದು ತೊಟ್ಟೂ ಹಾಕುವ ಹಾಗಿಲ್ಲ.

ಪೈಪು ಹೊಟ್ಟೆಯಲ್ಲೇ ಇದೆಯಾ ಅಂತ ತಿಳಿಯಲು ಹಿಂದೆ ಒಂದು ಪದ್ಧತಿ ಇತ್ತು. ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳುವುದು. ಇದನ್ನು ಇನ್ನೂ ಮಾಡುವವರಿದ್ದಾರೆ. ದಯವಿಟ್ಟು ಇದನ್ನೊಂದೇ ನಂಬಬೇಡಿ. ಪೈಪು ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯವರೆಗೆ ಕೇಳಬಹುದು. ಬ್ರಿಟನ್ನಿನಲ್ಲಿ 2005ರಲ್ಲೇ ಈ ಪದ್ಧತಿ ಬೇಡ ಅಂತ ಆದೇಶ ಹೊರಡಿಸಿದರು. ಎಚ್ಚರ ಇರುವವರಿಗೆ ಪೈಪು ಶ್ವಾಸನಾಳಕ್ಕೆ ಹೋದರೆ ತಕ್ಷಣ ಕೆಮ್ಮು ಬರುತ್ತದೆ. ನಿದ್ದೆ ಔಷಧಿಯಲ್ಲಿರುವವರಿಗೆ ಕೆಮ್ಮೂ ಬರದೆ ಹೋಗಬಹುದು. ಹೊಟ್ಟೆಯ ರಸ ಎಳೆದು ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) ನೋಡಬಹುದು, 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊಟ್ಟೆ. ಆದರೆ ಐಸಿಯುನಲ್ಲಿ ಬಹಳ ಜನರಿಗೆ ಆ್ಯಸಿಡ್ ತಗ್ಗಿಸುವ ಇಂಜೆಕ್ಷನ್ ಹೋಗುತ್ತಿರುತ್ತದೆ, ಪಿಎಚ್ ಏರಿರುತ್ತದೆ. ಹಾಗಾಗಿ ಮೊದಲ ಫೀಡಿಗೆ ಮುಂಚೆ ಎಕ್ಸ್‌ರೇ ಬೇಕೇ ಬೇಕು. ಎಕ್ಸ್‌ರೇ ಆಗುವ ತನಕ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ. ಶ್ವಾಸಕೋಶಕ್ಕೆ ಹೋದ ಫೀಡನ್ನು ಮಾತ್ರ ವಾಪಸ್ ತರಲು ಆಗುವುದಿಲ್ಲ.

ಬೈಕ್‌ನಿಂದ ಬಿದ್ದು ತಲೆಬುರುಡೆಯ ಬುಡ ಬಿರುಕು ಬಿಟ್ಟವರಿಗೆ ಮೂಗಿನಲ್ಲಿ ಪೈಪು ಹಾಕಬಾರದು. ಅದು ಬಿರುಕಿನ ಮೂಲಕ ಮೆದುಳಿಗೇ ನುಗ್ಗಿದ ಉದಾಹರಣೆಗಳಿವೆ. ಅವರಿಗೆ ಬಾಯಿಂದ ಹಾಕುತ್ತೇವೆ.

ಫೀಡ್ ಕೊಡುವ ವಿಧಾನ ಮೂರು. ಮೊದಲನೆಯದು ಬೋಲಸ್, ಅಂದರೆ ಸಿರಿಂಜಿನಲ್ಲಿ ಒಮ್ಮೆಗೆ 200-250 ಎಂ.ಎಲ್. ಎರಡನೆಯದು ಅಷ್ಟನ್ನೇ ಬ್ಯಾಗಿನಲ್ಲಿ ತೂಗುಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಇಳಿಸುವುದು, ದಿನಕ್ಕೆ ನಾಲ್ಕರಿಂದ ಆರು ಸಲ. ಮೂರನೆಯದು ಪಂಪಿನಲ್ಲಿ ಇಡೀ ದಿನ ಸಣ್ಣಗೆ ಹರಿಸುವುದು. ಯುರೋಪಿನ ತಜ್ಞರು 2019ರ ಮಾರ್ಗಸೂಚಿಯಲ್ಲಿ ಐಸಿಯುಗೆ ಮೂರನೆಯದನ್ನೇ ಹೇಳಿದರು, ಭೇದಿ ಕಡಿಮೆ ಅನ್ನುವುದು ಮುಖ್ಯ ಕಾರಣ. ನಾನೂ ವೆಂಟಿಲೇಟರ್ ಮೇಲಿರುವವರಿಗೆ ಪಂಪನ್ನೇ ಕೇಳುತ್ತೇನೆ. ಆದರೆ ಎಲ್ಲ ಆಸ್ಪತ್ರೆಯಲ್ಲೂ ಹಾಸಿಗೆಗೊಂದು ಪಂಪ್ ಇರುವುದಿಲ್ಲ ಅಲ್ವಾ? ಇಲ್ಲದಿದ್ದರೆ ಬ್ಯಾಗಿನ ಹನಿ ಎಣಿಸಿ ಕೊಡಬಹುದು, ಅದೂ ಒಳ್ಳೆಯದೇ. ಸಿರಿಂಜೇ ಗತಿ ಅಂದಾಗ ಒಂದು ಮಾತು ನೆನಪಿರಲಿ: ಒತ್ತಬೇಡಿ. ಒಳಗಿನ ಪಿಸ್ಟನ್ ತೆಗೆದು, ಬರೀ ಕೊಳವೆಯನ್ನು ಪೈಪಿಗೆ ಸಿಕ್ಕಿಸಿ, ಹೊಟ್ಟೆಗಿಂತ ಎರಡು ಗೇಣು ಮೇಲೆ ಹಿಡಿದು ಫೀಡನ್ನು ಸುರಿಯಿರಿ. ತಾನಾಗಿ ಇಳಿಯಲಿ. 10-15 ನಿಮಿಷ ಹಿಡಿದು ನಿಲ್ಲುವ ತಾಳ್ಮೆ ಬೇಕು. ಮೂರು ವಿಧಾನಕ್ಕೂ ತಲೆಭಾಗ 30ರಿಂದ 45 ಡಿಗ್ರಿ ಎತ್ತರವಿರಬೇಕು.

ಎಷ್ಟು ಕೊಡಬೇಕು ಅನ್ನುವ ವಿಷಯದಲ್ಲಿ ನಮ್ಮ ತಿಳುವಳಿಕೆ ಇತ್ತೀಚೆಗೆ ಬದಲಾಗಿದೆ. ಮೊದಲೆಲ್ಲ ಎರಡನೇ ದಿನಕ್ಕೇ ಪೂರ್ತಿ ಕ್ಯಾಲರಿ ಮುಟ್ಟಿಸಲು ಒದ್ದಾಡುತ್ತಿದ್ದೆವು. 2023ರಲ್ಲಿ ಫ್ರಾನ್ಸಿನ ಒಂದು ದೊಡ್ಡ ಅಧ್ಯಯನ ಬಂತು. ವೆಂಟಿಲೇಟರ್ ಮೇಲಿದ್ದು, ಬಿ.ಪಿ. ಏರಿಸುವ ಔಷಧಿಯೂ ಹೋಗುತ್ತಿದ್ದ 3044 ಜನರಲ್ಲಿ ಅರ್ಧದಷ್ಟು ಜನರಿಗೆ ಮೊದಲ ವಾರ ಕೆ.ಜಿ.ಗೆ ಬರೀ 6 ಕ್ಯಾಲರಿ, ಉಳಿದವರಿಗೆ 25. ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ. ಕಡಿಮೆ ಪಡೆದವರಲ್ಲಿ ವಾಂತಿ, ಭೇದಿ ಕಡಿಮೆ ಇತ್ತು, ಐಸಿಯುನಿಂದ ಹೊರಡಲು ಸ್ವಲ್ಪ ಬೇಗ ತಯಾರಾದರು. ಹಾಗಂತ ಉಪವಾಸ ಕೆಡವಿ ಅಂತಲ್ಲ. 48 ಗಂಟೆಯೊಳಗೆ ಶುರು ಮಾಡಿ, ಗಂಟೆಗೆ 20 ಎಂ.ಎಲ್. ಸಾಕು, ಕರುಳು ಕೆಲಸ ಮರೆಯದ ಹಾಗೆ. ಆಮೇಲೆ ದಿನದಿಂದ ದಿನಕ್ಕೆ ಏರಿಸಿ. ಬಿ.ಪಿ. ಇನ್ನೂ ಕೈಗೆ ಸಿಗದೆ ಔಷಧಿ ಏರಿಸುತ್ತಲೇ ಇದ್ದರೆ ಶುರು ಮಾಡುವುದೂ ಬೇಡ, ರಕ್ತ ಸಾಲದ ಕರುಳಿಗೆ ಫೀಡ್ ತುಂಬಿದರೆ ಕರುಳೇ ಕೊಳೆಯಬಹುದು.

ಹತ್ತು ದಿನದಿಂದ ಸರಿಯಾಗಿ ಊಟ ಮಾಡದವರು, ತುಂಬಾ ಕುಡಿಯುವವರು ಬಂದರೆ ನನಗೆ ಇನ್ನೂ ಭಯ. ಒಣಗಿದ ದೇಹಕ್ಕೆ ಒಮ್ಮೆಲೇ ಸಕ್ಕರೆ ಅಂಶ ಹೋದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಧಡಕ್ಕನೆ ಇಳಿಯುತ್ತವೆ. ಹೃದಯದ ಬಡಿತವೇ ತಪ್ಪಬಹುದು. ಅವರಿಗೆ ಫೀಡಿಗಿಂತ ಮೊದಲು ಥಯಮಿನ್ (ವಿಟಮಿನ್ ಬಿ1), ದಿನಾ ರಕ್ತ ಪರೀಕ್ಷೆ, ಇರುವೆ ನಡಿಗೆಯ ಏರಿಕೆ.

ಎರಡನೇ ವಾರದಲ್ಲಿ ಮಾತ್ರ ಕಥೆ ಬೇರೆ. ಆಗ ಕೊಡದಿದ್ದರೆ ತೊಡೆ, ಭುಜ ಕಣ್ಣೆದುರೇ ಕರಗುತ್ತವೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. 1500 ಎಂ.ಎಲ್. ಬರೆದಿರುತ್ತೇನೆ, ಮರುದಿನ ನೋಡಿದರೆ 900 ಹೋಗಿರುತ್ತದೆ. ಸ್ಕ್ಯಾನಿಗೆ ಹೋದಾಗ ನಿಲ್ಲಿಸಿದರು, ವಾಪಸ್ ಬಂದ ಮೇಲೆ ಶುರು ಮಾಡಲು ಮರೆತರು. ಸ್ನಾನಕ್ಕೆ ನಿಲ್ಲಿಸಿದರು, ಫಿಸಿಯೋಥೆರಪಿಗೆ ನಿಲ್ಲಿಸಿದರು. ಆ್ಯಂಟಿಬಯಾಟಿಕ್ ಒಂದು ಗಂಟೆ ತಡವಾದರೆ ಎಲ್ಲರೂ ಕೇಳುತ್ತಾರೆ, ಫೀಡ್ ಐದು ಗಂಟೆ ನಿಂತರೂ ಯಾರೂ ಕೇಳುವುದಿಲ್ಲ. ಫೀಡೂ ಒಂದು ಔಷಧಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಈಗ ನಮ್ಮಲ್ಲಿ ಗಂಟೆಯ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿದಿದ್ದೇವೆ. ಬೆಳಿಗ್ಗೆ 8ಕ್ಕೆ ಗಂಟೆಗೆ 62ರಂತೆ ಶುರುವಾಯಿತು, 10ರಿಂದ 3ರ ತನಕ ನಿಂತಿತು ಅನ್ನಿ. ಉಳಿದದ್ದನ್ನು ಮಿಕ್ಕ 17 ಗಂಟೆಗೆ ಹಂಚಿ ಗಂಟೆಗೆ 80 ಮಾಡುತ್ತಾರೆ. ಇದನ್ನು ಸಿಸ್ಟರೇ ನೋಡಿಕೊಳ್ಳುತ್ತಾರೆ, ನನ್ನನ್ನು ಕೇಳುವ ಅಗತ್ಯವಿಲ್ಲ.

ಫೀಡ್ ನಿಲ್ಲಿಸಲು ಇನ್ನೊಂದು ನೆಪ, ಹೊಟ್ಟೆಯಲ್ಲಿ ಉಳಿದ ಫೀಡನ್ನು ಸಿರಿಂಜಿನಿಂದ ಎಳೆದಾಗ 150 ಎಂ.ಎಲ್. ಬಂತು, ಅದು ಮೇಲೆ ಬಂದು ಶ್ವಾಸಕೋಶ ಸೇರಬಹುದು ಅನ್ನುವುದು. ಫ್ರಾನ್ಸಿನಲ್ಲೇ 2013ರಲ್ಲಿ 449 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಹೀಗೆ ಎಳೆದು ನೋಡದೇ ಇದ್ದವರಿಗೆ ನ್ಯುಮೋನಿಯಾ ಜಾಸ್ತಿಯೇನೂ ಆಗಲಿಲ್ಲ. ಹೊಟ್ಟೆ ಉಬ್ಬಿಲ್ಲ, ವಾಂತಿಯಿಲ್ಲ ಅಂದರೆ 500ರ ತನಕ ಸುಮ್ನೆ ನಿಲ್ಲಿಸಬೇಡಿ. ನಿಜಕ್ಕೂ ಹೊಟ್ಟೆ ಖಾಲಿಯಾಗುತ್ತಿಲ್ಲ ಅಂದರೆ ಮೊದಲು ಮೆಟೊಕ್ಲೊಪ್ರಮೈಡ್ ಅಥವಾ ಎರಿಥ್ರೊಮೈಸಿನ್ ಕೊಟ್ಟು ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪೈಪಿನ ತುದಿಯನ್ನು ಹೊಟ್ಟೆ ದಾಟಿಸಿ ಸಣ್ಣ ಕರುಳಿಗೆ ತಲುಪಿಸುತ್ತಾರೆ. ಅಲ್ಲಿ ಸಿರಿಂಜ್ ಫೀಡ್ ಕೂಡದು. ಹೊಟ್ಟೆ ಚೀಲದ ಹಾಗೆ ಹಿಗ್ಗುತ್ತದೆ, ಕರುಳು ಹಿಗ್ಗುವುದಿಲ್ಲ.

ಭೇದಿಯಾದ ತಕ್ಷಣ ಎಲ್ಲರೂ ಫೀಡನ್ನು ಬೈಯುತ್ತಾರೆ. ಔಷಧಿ ಚೀಟಿ ನೋಡಿ. ಎಷ್ಟೋ ಸಲ ಆ್ಯಂಟಿಬಯಾಟಿಕ್ ಅಥವಾ ಸಾರ್ಬಿಟಾಲ್ ಅನ್ನುವ ಸಿಹಿ ಅಂಶ ಇರುವ ಸಿರಪ್ ಕಾರಣವಾಗಿರುತ್ತದೆ. ಪೈಪು ಕಟ್ಟಿಕೊಳ್ಳುವುದಕ್ಕೂ ಹೆಚ್ಚಾಗಿ ಸರಿಯಾಗಿ ಪುಡಿಯಾಗದ ಮಾತ್ರೆಯೇ ಕಾರಣ. ಒಂದೊಂದನ್ನೂ ಬೇರೆ ಬೇರೆ ಪುಡಿ ಮಾಡಿ, ನೀರಲ್ಲಿ ಕದಡಿ ಕೊಡಿ. ಕೊನೆಗೆ 30 ಎಂ.ಎಲ್. ನೀರು ಬಿಡಿ. ನಿಧಾನವಾಗಿ ಕರಗಬೇಕಾದ ಮಾತ್ರೆಗಳನ್ನು ಪುಡಿ ಮಾಡಲೇಬೇಡಿ, 24 ಗಂಟೆಯ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ.

ಆ ಹುಡುಗನ ಅಪ್ಪನಿಗೆ 11ನೇ ದಿನ ವೆಂಟಿಲೇಟರ್ ತೆಗೆದರು. ನುಂಗುವ ಶಕ್ತಿ ನೋಡಲು ಸ್ಪೀಚ್ ಥೆರಪಿಸ್ಟ್ ಬಂದರು. ನೀರು ಕೊಟ್ಟರೆ ಕೆಮ್ಮು. ಗಂಟಲು ಸೋತವರಿಗೆ ನೀರು ಬೇಗ ಜಾರುತ್ತದೆ, ಸ್ವಲ್ಪ ಗಟ್ಟಿ ಇರುವುದೇ ವಾಸಿ. ಆಗ ನಾನೇ ಮಗನಿಗೆ ಫೋನ್ ಮಾಡಿದೆ: "ನಿಮ್ಮಮ್ಮಂಗೆ ಹೇಳಪ್ಪಾ, ಅಂಬಲಿ ಬೇಕು. ಮಜ್ಜಿಗೆ ಹಾಕಿ ತೀರಾ ತೆಳ್ಳಗೆ ಮಾಡೋದು ಬೇಡ, ಚಮಚದಿಂದ ನಿಧಾನಕ್ಕೆ ಬೀಳೋ ಹಾಗಿರಲಿ. ಗಂಟು ಇರಬಾರದು." ಮಾರನೇ ದಿನ ಅದೇ ಫ್ಲಾಸ್ಕು ಒಳಗೆ ಬಂತು. ನೆಟ್ಟಗೆ ಕೂರಿಸಿ ಆರು ಚಮಚ ಕೊಟ್ಟೆವು. ಏಳನೆಯದಕ್ಕೆ ಸುಸ್ತಾಗಿ ತಲೆ ಆಡಿಸಿದರು. ಪೈಪನ್ನು ಅವತ್ತು ತೆಗೆಯಲಿಲ್ಲ. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಬಾಯಲ್ಲೇ ತಿನ್ನುವಷ್ಟು ಆಗುವ ತನಕ, ರಾತ್ರಿ ಹೊತ್ತು ಪಂಪ್ ಇನ್ನೂ ಐದು ದಿನ ಓಡಿತು.