ಹಾಯಿದೋಣಿಯಲ್ಲಿ ಚಿಕ್ಕ ಇನ್ವರ್ಟರ್ ಅಳವಡಿಕೆ: ಬ್ಯಾಟರಿಯ ಕಡೆಯಿಂದ ಒಂದು ಓದು

ಈ ಟಿಪ್ಪಣಿಗೆ ಉದಾಹರಣೆಯಾಗಿ ಸುಮಾರು ಒಂಬತ್ತು ಮೀಟರ್ ಉದ್ದದ, ಡೀಸೆಲ್ ಎಂಜಿನ್ ಇರುವ, ದೀಪ, ರೇಡಿಯೊ ಮತ್ತು ಸಂಚಾರ ಉಪಕರಣಗಳನ್ನು 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳಿಂದ ನಡೆಸುವ ಒಂದು ಹಾಯಿದೋಣಿಯನ್ನು ಇಟ್ಟುಕೊಳ್ಳೋಣ. ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರ್, ಅಪರೂಪಕ್ಕೊಮ್ಮೆ ಸಣ್ಣ ಡ್ರಿಲ್ ಯಂತ್ರ, ಇಷ್ಟಕ್ಕಾಗಿ 600 ವ್ಯಾಟಿನ, 230 ವೋಲ್ಟ್ ಹೊರಕೊಡುವ ಇನ್ವರ್ಟರ್ ಒಂದನ್ನು ಅದರಲ್ಲಿ ಕೂರಿಸಬೇಕಾಗಿದೆ. ಕಲಿಯುವವರ ಗಮನವೆಲ್ಲ ಸಹಜವಾಗಿಯೇ 230 ವೋಲ್ಟಿನ ಕಡೆಗೆ ಹೋಗುತ್ತದೆ, ಏಕೆಂದರೆ ಶಾಕ್ ಹೊಡೆಯುವುದು ಅಲ್ಲಿ. ಆದರೆ ದೋಣಿಗೆ ಬೆಂಕಿ ತಗಲುವ ಸಾಧ್ಯತೆ ಇರುವುದು ಮೈಗೆ ತಾಗಿದರೂ ಏನೂ ಮಾಡದ ಆ 12 ವೋಲ್ಟಿನ ಕಡೆಯಲ್ಲಿ. ಆದ್ದರಿಂದ ಈ ಕೆಲಸವನ್ನು ಬ್ಯಾಟರಿಯ ತುದಿಯಿಂದ ಆರಂಭಿಸಿ ಹೊರಮುಖವಾಗಿ ಯೋಚಿಸಬೇಕು ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ಲೆಕ್ಕವನ್ನೇ ನೋಡಿ. 600 ವ್ಯಾಟ್ ಹೊರೆಗೆ 230 ವೋಲ್ಟಿನ ಕಡೆ ಹರಿಯುವುದು ಕೇವಲ 2.6 ಆಂಪಿಯರ್. ಇನ್ವರ್ಟರಿನ ದಕ್ಷತೆ ಶೇಕಡಾ 85 ಎಂದುಕೊಂಡರೆ ಬ್ಯಾಟರಿಯಿಂದ ಅದು ಸೆಳೆಯುವುದು ಸುಮಾರು 706 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 59 ಆಂಪಿಯರ್. ಬ್ಯಾಟರಿ ಸೊರಗಿ ವೋಲ್ಟೇಜು 10.5ಕ್ಕೆ ಇಳಿದಾಗ, ಅಷ್ಟೇ ಶಕ್ತಿಯನ್ನು ಕೊಡಲು ಇನ್ವರ್ಟರು 67 ಆಂಪಿಯರ್ ಎಳೆಯುತ್ತದೆ. ವೋಲ್ಟೇಜು ಕುಸಿದಂತೆ ಪ್ರವಾಹ ಏರುತ್ತದೆ ಎಂಬ ಈ ಗುಣವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ತೆಳ್ಳನೆಯ ಕೇಬಲ್ಲಿನಲ್ಲಿ ವೋಲ್ಟೇಜು ಇಳಿಯುತ್ತದೆ, ಇಳಿದದ್ದಕ್ಕೆ ಪ್ರವಾಹ ಹೆಚ್ಚುತ್ತದೆ, ಹೆಚ್ಚಿದ ಪ್ರವಾಹ ಕೇಬಲ್ಲನ್ನು ಇನ್ನಷ್ಟು ಕಾಯಿಸುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಇನ್ವರ್ಟರುಗಳು ನೂರೈವತ್ತು ವ್ಯಾಟಿನ ಆಸುಪಾಸಿನಲ್ಲೇ ನಿಲ್ಲುವುದಕ್ಕೆ ಕಾರಣವೂ ಇದೇ: ಆ ಸಾಕೆಟ್ಟು ಮತ್ತು ಅದರ ಹಿಂದಿನ ತಂತಿ ಸಾಮಾನ್ಯವಾಗಿ 10ರಿಂದ 15 ಆಂಪಿಯರಿಗಷ್ಟೇ ತಯಾರಾದವು.

ಕೇಬಲ್ಲಿನ ದಪ್ಪವನ್ನು ನಾವೇ ಲೆಕ್ಕ ಹಾಕಬಹುದು. ತಾಮ್ರದ ರೋಧವನ್ನು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಗೆ ಮೀಟರಿಗೆ 0.0175 ಓಮ್ ಎಂದು ಹಿಡಿಯೋಣ. ಬ್ಯಾಟರಿಯಿಂದ ಇನ್ವರ್ಟರಿಗೆ ಎರಡು ಮೀಟರ್ ದೂರವಿದ್ದರೆ, ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್. ಹೊಸಬರು ಬರುವ ದಾರಿಯನ್ನು ಲೆಕ್ಕದಿಂದ ಬಿಟ್ಟುಬಿಡುವುದು ಬಹಳ ಸಾಮಾನ್ಯ. 10 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ 67 ಆಂಪಿಯರ್ ಹರಿದಾಗ ಇಳಿತ 0.47 ವೋಲ್ಟ್, ಅಂದರೆ ಸುಮಾರು ಶೇಕಡಾ 4. 16 ಚದರ ಮಿಲಿಮೀಟರಿಗೆ 0.29 ವೋಲ್ಟ್, 25ಕ್ಕೆ 0.19 ವೋಲ್ಟ್. ಇಳಿತ ಶೇಕಡಾ 3ನ್ನು ಮೀರಬಾರದು ಎಂದು ಇಟ್ಟುಕೊಂಡರೆ, ಆ ಮಿತಿಯನ್ನು 16ರ ಕೇಬಲ್ ದಾಟುವುದಿಲ್ಲ. ಆದರೂ ಸ್ವಿಚ್ಚು, ಫ್ಯೂಸು, ಲಗ್ಗುಗಳು (ಬೋಲ್ಟಿಗೆ ಜೋಡಿಸಲು ಕೇಬಲ್ಲಿನ ತುದಿಗೆ ಕೂರಿಸುವ ಲೋಹದ ಕಿವಿಗಳು) ತಮ್ಮದೇ ಆದ ರೋಧವನ್ನು ಸೇರಿಸುತ್ತವೆ ಮತ್ತು ಉಪ್ಪುಗಾಳಿಯಲ್ಲಿ ಆ ರೋಧ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಆ ಕಾರಣಕ್ಕೆ ನಾನು 25ನ್ನೇ ಆರಿಸುತ್ತೇನೆ. ಕೇಬಲ್ ಹಲವು ನವಿರಾದ ಎಳೆಗಳದ್ದಾಗಿರಬೇಕು, ಎಳೆಗಳಿಗೆ ತವರದ ಲೇಪವಿರಬೇಕು. ಮನೆಯ ವೈರಿಂಗಿನಲ್ಲಿ ಕಾಣುವ ಒಂಟಿ ಎಳೆಯ ಗಟ್ಟಿ ತಂತಿ ದೋಣಿಯ ನಿರಂತರ ಅದುರಾಟಕ್ಕೆ ದಣಿದು ತುಂಡಾಗುತ್ತದೆ, ಆದ್ದರಿಂದ ಅದನ್ನು 230 ವೋಲ್ಟಿನ ಕಡೆಗೂ ಬಳಸುವಂತಿಲ್ಲ.

ಫ್ಯೂಸ್ ಇರುವುದು ಇನ್ವರ್ಟರನ್ನು ಕಾಪಾಡುವುದಕ್ಕಲ್ಲ, ಕೇಬಲ್ಲನ್ನು ಕಾಪಾಡುವುದಕ್ಕೆ. ಈ ಒಂದು ಮಾತು ಅರ್ಥವಾದರೆ ಅದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಇನ್ವರ್ಟರಿನೊಳಗೆ ಫ್ಯೂಸುಗಳಿದ್ದರೂ ಬ್ಯಾಟರಿಯಿಂದ ಅಲ್ಲಿಯವರೆಗಿನ ಕೇಬಲ್ಲಿಗೆ ಅವುಗಳಿಂದ ಯಾವ ರಕ್ಷಣೆಯೂ ಇಲ್ಲ. ಮರದ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದು ಪಾಸಿಟಿವ್ ಕೇಬಲ್ ಎಂಜಿನ್ನಿಗೆ ತಾಗಿದರೆ, ಸಾಧಾರಣ ಗಾತ್ರದ ಬ್ಯಾಟರಿಯೂ ಸಾವಿರಾರು ಆಂಪಿಯರುಗಳನ್ನು ಸುರಿಯಬಲ್ಲದು. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಇ-11 ಮಾನದಂಡ ಇದಕ್ಕಾಗಿಯೇ ಫ್ಯೂಸನ್ನು ಬ್ಯಾಟರಿಯಿಂದ ಏಳು ಇಂಚು, ಅಂದರೆ ಸುಮಾರು 18 ಸೆಂಟಿಮೀಟರಿನೊಳಗೆ ಇಡಬೇಕೆನ್ನುತ್ತದೆ. ಕೇಬಲ್ ಕೊಳವೆ ಅಥವಾ ಹೆಚ್ಚುವರಿ ಹೊದಿಕೆಯೊಳಗೆ ಸಾಗಿದರೆ ಮಾತ್ರ ಹೆಚ್ಚಿನ ದೂರಕ್ಕೆ ಸಡಿಲಿಕೆಯಿದೆ. ಫ್ಯೂಸಿನ ಅಳತೆ ಗರಿಷ್ಠ ಪ್ರವಾಹಕ್ಕಿಂತ ಸುಮಾರು ಕಾಲುಪಾಲು ಹೆಚ್ಚಿರಬೇಕು ಮತ್ತು ಕೇಬಲ್ ತಾಳಬಲ್ಲ ಪ್ರವಾಹಕ್ಕಿಂತ ಕಡಿಮೆಯಿರಬೇಕು. ನಮ್ಮ ಉದಾಹರಣೆಗೆ ಇದು 84 ಆಂಪಿಯರ್ ಬರುತ್ತದೆ, ಆದ್ದರಿಂದ ಕೇಬಲ್ ತಯಾರಕರ ಪಟ್ಟಿಯನ್ನು ನೋಡಿಕೊಂಡು 100 ಆಂಪಿಯರಿನ ಫ್ಯೂಸ್ ಹಾಕಬಹುದು. ಇನ್ವರ್ಟರಿನ ಕೈಪಿಡಿ ಬೇರೆ ಅಳತೆ ಹೇಳಿದರೆ ಅದನ್ನು ಪಾಲಿಸಬೇಕು.

ಅಳತೆಯಷ್ಟೇ ಮುಖ್ಯವಾದದ್ದು ಫ್ಯೂಸ್ ಎಷ್ಟು ದೊಡ್ಡ ಪ್ರವಾಹವನ್ನು ಕಡಿಯಬಲ್ಲದು ಎಂಬುದು. ಕಡಿಯುವ ಸಾಮರ್ಥ್ಯ ಸಾಲದ ಫ್ಯೂಸ್ ಕರಗಿದ ಮೇಲೂ ಅದರೊಳಗೆ ಕಿಡಿಯ ಸೇತುವೆ ಉರಿಯುತ್ತಲೇ ಇರಬಹುದು. ಬ್ಯಾಟರಿಯ ತುದಿಗೇ ಕೂರುವ ಎಂಆರ್‌ಬಿಎಫ್ ಮಾದರಿಯ ಫ್ಯೂಸು 14 ವೋಲ್ಟಿನಲ್ಲಿ 10,000 ಆಂಪಿಯರ್ ಕಡಿಯುತ್ತದೆ, ಕ್ಲಾಸ್-ಟಿ ಮಾದರಿಯದು 20,000. ಸೀಸ-ಆಮ್ಲ ಬ್ಯಾಟರಿಗೆ ಮೊದಲನೆಯದು ಸಾಕು. ಲಿಥಿಯಂ ಬ್ಯಾಟರಿಗಳ ಒಳರೋಧ ಬಹಳ ಕಡಿಮೆಯಾದ್ದರಿಂದ ಅಲ್ಲಿ ಕ್ಲಾಸ್-ಟಿಯನ್ನೇ ಹಾಕುವುದು ಒಳ್ಳೆಯದು.

ಲಗ್ಗುಗಳನ್ನು ಸರಿಯಾದ ಅಚ್ಚಿನ ಉಪಕರಣದಿಂದ ಒತ್ತಿ ಕೂರಿಸಿ, ಒಳಗೆ ಅಂಟು ಇರುವ, ಬಿಸಿ ತಾಗಿದಾಗ ಬಿಗಿದುಕೊಳ್ಳುವ ಕುಗ್ಗುಕೊಳವೆಯಿಂದ ಮುಚ್ಚಬೇಕು. ಬೆಸುಗೆಯೊಂದನ್ನೇ ನಂಬಿದರೆ, ಜೋಡಣೆ ಕಾದಾಗ ಬೆಸುಗೆ ಕರಗಿ ಕೇಬಲ್ ಕಳಚಿಕೊಳ್ಳಬಹುದು. ಬೋಲ್ಟಿನಲ್ಲಿ ಲಗ್ಗಿನ ಮುಖ ನೇರವಾಗಿ ಟರ್ಮಿನಲ್ಲಿನ ಮುಖಕ್ಕೆ ಕೂರಬೇಕು. ನಡುವೆ ಸ್ಟೀಲ್ ವಾಷರ್ ಸಿಕ್ಕಿಕೊಂಡರೆ ಪ್ರವಾಹವೆಲ್ಲ ಅದರ ಮೂಲಕವೇ ಹೋಗಬೇಕಾಗಿ ಆ ಜಾಗ ಸುಡುವಷ್ಟು ಕಾಯುತ್ತದೆ.

ಇನ್ನು ಅರ್ಥಿಂಗ್. ಇದು ಈ ವಿಷಯದ ಅತ್ಯಂತ ಕಷ್ಟದ ಭಾಗ. ನಿಧಾನವಾಗಿ ಓದಿಕೊಳ್ಳುವುದು ಒಳ್ಳೆಯದು. ಕರೆಂಟು ಹೋದಾಗ ಮನೆಯ ಇನ್ವರ್ಟರು ಕೆಲಸ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ, ಆದರೆ ಆ ಮನೆಗೆ ನೆಲದಲ್ಲಿ ಹೂತ ಅರ್ಥ್ ಇದೆ, ನ್ಯೂಟ್ರಲ್ಲಿಗೂ ಭೂಮಿಗೂ ವಿದ್ಯುತ್ ಸರಬರಾಜಿನ ಕಡೆಯಲ್ಲಿ ನಂಟು ಇದೆ. ದಡ ಬಿಟ್ಟ ದೋಣಿಗೆ ಇವೆರಡೂ ಇಲ್ಲ.

ಮೊದಲು ಇನ್ವರ್ಟರಿನ ಲೋಹದ ಪೆಟ್ಟಿಗೆ. ಅದರಿಂದ 12 ವೋಲ್ಟಿನ ಡಿಸಿ ವ್ಯವಸ್ಥೆಯ ಮುಖ್ಯ ನೆಗೆಟಿವ್ ಪಟ್ಟಿಗೆ, ಅಂದರೆ ನೆಗೆಟಿವ್ ತಂತಿಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಗೆ, ಒಂದು ರಕ್ಷಣಾ ತಂತಿ ಹೋಗಬೇಕು, ಮತ್ತು ಅದು ಪಾಸಿಟಿವ್ ಕೇಬಲ್ಲಿಗಿಂತ ಒಂದು ಅಳತೆಗಿಂತ ಹೆಚ್ಚು ತೆಳ್ಳಗಿರಬಾರದು. 25ರ ಕೇಬಲ್ಲಿಗೆ 16ರ ರಕ್ಷಣಾ ತಂತಿ ಎಂದರೆ ಅತಿಯಾಯಿತು ಎನಿಸಬಹುದು. ಆದರೆ ಪಾಸಿಟಿವ್ ಕೇಬಲ್ ಕಳಚಿ ಪೆಟ್ಟಿಗೆಗೆ ತಾಗಿದ ಕ್ಷಣವನ್ನು ಊಹಿಸಿ: ಬ್ಯಾಟರಿಯ ಪ್ರವಾಹವೆಲ್ಲ ಈ ತಂತಿಯ ಮೂಲಕವೇ ಹಿಂದಿರುಗುತ್ತದೆ, ಮತ್ತು 100 ಆಂಪಿಯರಿನ ಫ್ಯೂಸ್ ಹಾರುವವರೆಗೂ ಅದು ತಡೆದುಕೊಳ್ಳಬೇಕು. ತೆಳ್ಳನೆಯ ತಂತಿ ಫ್ಯೂಸಿಗಿಂತ ಮೊದಲೇ ಕೆಂಪಗೆ ಕಾದು ಉರಿಯುತ್ತದೆ. ಅಗ್ಗದ ಇನ್ವರ್ಟರುಗಳಲ್ಲಿ ಇದಕ್ಕಾಗಿ ಕಿರಿದಾದ ಸ್ಕ್ರೂ ಒಂದನ್ನು ಮಾತ್ರ ಕೊಟ್ಟಿರುತ್ತಾರೆ. ದಪ್ಪ ಲಗ್ಗು ಕೂರುವ ಬೋಲ್ಟ್ ಇದೆಯೇ ಎಂದು ಕೊಳ್ಳುವ ಮುನ್ನವೇ ನೋಡಬೇಕು.

ಎರಡನೆಯದು ನ್ಯೂಟ್ರಲ್. ಅನೇಕ ಚಿಕ್ಕ ಇನ್ವರ್ಟರುಗಳಲ್ಲಿ ಹೊರಬರುವ ಎರಡೂ ತಂತಿಗಳಿಗೆ ಅರ್ಥಿನೊಂದಿಗೆ ನಂಟೇ ಇರುವುದಿಲ್ಲ. ಅಂಥ ವ್ಯವಸ್ಥೆಯಲ್ಲಿ ಮೊದಲ ದೋಷ ಯಾವ ಸುಳಿವನ್ನೂ ಕೊಡದೆ ಉಳಿದುಕೊಂಡು, ಎರಡನೆಯ ದೋಷದಲ್ಲಿ ಮನುಷ್ಯನ ಮೈಮೇಲೆ ಬರುತ್ತದೆ. 30 ಮಿಲಿಆಂಪಿಯರಿಗೆ ಕಡಿಯುವ ಆರ್‌ಸಿಡಿ (ಪ್ರವಾಹ ಸೋರಿದರೆ ತಾನಾಗಿಯೇ ವಿದ್ಯುತ್ತನ್ನು ಕಡಿಯುವ ಸ್ವಿಚ್) ಹಾಕಿದರೂ, ಸೋರಿದ ಪ್ರವಾಹ ಹಿಂದಿರುಗಲು ದಾರಿಯಿಲ್ಲದ ಕಾರಣ ಅದಕ್ಕೆ ಕೆಲಸವೇ ಬರುವುದಿಲ್ಲ. ಅದರ ಪರೀಕ್ಷಾ ಗುಂಡಿ ಒತ್ತಿದಾಗ ಮಾತ್ರ ಅದು ಚೆನ್ನಾಗಿಯೇ ಬೀಳುತ್ತದೆ, ಏಕೆಂದರೆ ಆ ಗುಂಡಿ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಪ್ರವಾಹವನ್ನು ಹರಿಸಿ ಪರೀಕ್ಷಿಸುತ್ತದೆ, ಅರ್ಥಿನ ಇರವನ್ನು ನೋಡುವುದಿಲ್ಲ. ಹಾಗೆಂದು ನಾವಾಗಿಯೇ ನ್ಯೂಟ್ರಲ್ಲನ್ನು ಅರ್ಥಿಗೆ ಜೋಡಿಸಲೂಬಾರದು. ಅದಕ್ಕೆ ಅನುವು ಇಲ್ಲದ ಇನ್ವರ್ಟರು ಅದರಿಂದಲೇ ಸುಟ್ಟುಹೋಗಬಹುದು. ಕೈಪಿಡಿಯಲ್ಲಿ ಜೋಡಣೆಯ ಬಗ್ಗೆ ಸ್ಪಷ್ಟ ಮಾತಿದ್ದರೆ ಅದರಂತೆ ನಡೆಯಬೇಕು. ಇಲ್ಲದಿದ್ದರೆ ಆ ಇನ್ವರ್ಟರನ್ನು ದೋಣಿಯ ಎಸಿ ವೈರಿಂಗಿಗೆ ಸೇರಿಸದೆ, ಅದರ ಸ್ವಂತ ಸಾಕೆಟ್ಟಿಗೆ ಒಂದು ಸಲಕ್ಕೆ ಒಂದೇ ಉಪಕರಣವನ್ನು, ಅದೂ ಒಣಗಿದ ಕ್ಯಾಬಿನ್ನಿನೊಳಗೆ ಮಾತ್ರ ಬಳಸಬೇಕು. ದಡದ ವಿದ್ಯುತ್ತೂ ಇನ್ವರ್ಟರಿನ ವಿದ್ಯುತ್ತೂ ಒಂದೇ ತಂತಿಯಲ್ಲಿ ಎಂದೂ ಸಂಧಿಸಬಾರದು. ಎರಡನ್ನೂ ಅದೇ ಸಾಕೆಟ್ಟುಗಳಿಗೆ ಕೊಡಬೇಕೆಂದಿದ್ದರೆ, ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದನ್ನು ಸೇರಿಸುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಬದಲಾವಣೆ ಸ್ವಿಚ್ ಬೇಕು. ಆ ಕೆಲಸವನ್ನು ದೋಣಿಯ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ನಿಗೇ ಬಿಡಬೇಕು.

ಜಾಗದ ಆಯ್ಕೆ ಇಷ್ಟು ಜಟಿಲವಲ್ಲ. ಬ್ಯಾಟರಿ ಪೆಟ್ಟಿಗೆಯೊಳಗೂ ಅದರ ನೇರ ಮೇಲೂ ಇನ್ವರ್ಟರ್ ಬೇಡ, ಏಕೆಂದರೆ ಚಾರ್ಜಾಗುವಾಗ ಹೊರಬರುವ ಜಲಜನಕ ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಎಂಜಿನ್ ಕೋಣೆಯ ಬಿಸಿಯೂ ಬೇಡ. ಪೆಟ್ರೋಲ್ ಎಂಜಿನ್ ಇದ್ದರಂತೂ ಆ ಕೋಣೆ ಸಂಪೂರ್ಣ ನಿಷಿದ್ಧ. ಪೂರ್ಣ ಹೊರೆಯಲ್ಲಿ ನೂರು ವ್ಯಾಟಿಗೂ ಹೆಚ್ಚು ಶಾಖವಾಗಿ ಹೊರಬರುವುದರಿಂದ ಸುತ್ತ ಗಾಳಿಯಾಡಬೇಕು. ಹಾಯಿದೋಣಿ ಗಾಳಿಗೆ 25 ಡಿಗ್ರಿ ವಾಲಿದಾಗ ತಳದಲ್ಲಿ ನಿಂತ ನೀರು ಪಕ್ಕದ ಅರೆಗಳವರೆಗೆ ಏರಿ ಬರುತ್ತದೆಯಾದ್ದರಿಂದ, ನಿಂತ ದೋಣಿಯಲ್ಲಿ ಒಣಗಿ ಕಾಣುವ ಜಾಗವನ್ನು ನಂಬುವಂತಿಲ್ಲ.

ದಿಕ್ಸೂಚಿಯ ಮಾತನ್ನು ಮಾತ್ರ ಹಗುರವಾಗಿ ದಾಟಲಾಗದು. ಒಂಟಿ ಕೇಬಲ್ಲಿನಲ್ಲಿ 60 ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 12 ಮೈಕ್ರೋಟೆಸ್ಲಾ ಕಾಂತಕ್ಷೇತ್ರ ಉಂಟಾಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಅಂಶ ಸುಮಾರು 40 ಮೈಕ್ರೋಟೆಸ್ಲಾ. ಎರಡೂ ಲಂಬವಾಗಿ ಸೇರಿದರೆ ಸೂಜಿ ಹದಿನಾರು, ಹದಿನೇಳು ಡಿಗ್ರಿ ತಿರುಗಬಹುದು. ಭೂಮಿಯ ಸಮತಲ ಅಂಶ ಇದರ ಅರ್ಧದಷ್ಟಿರುವ ಬ್ರಿಟನ್ನಿನ ಸಮುದ್ರದಲ್ಲಿ ತಪ್ಪು ಇನ್ನೂ ದೊಡ್ಡದು. ಸ್ವಯಂಚಾಲಿತ ಚುಕ್ಕಾಣಿಯ ದಿಕ್ಸೂಚಿಗೂ ಇದೇ ಗತಿ. ಪಾಸಿಟಿವ್ ಮತ್ತು ನೆಗೆಟಿವ್ ಕೇಬಲ್ಲುಗಳನ್ನು ಉದ್ದಕ್ಕೂ ಅಂಟಿಸಿ, ಸಾಧ್ಯವಾದರೆ ಹೊಸೆದು, ಒಯ್ದರೆ ಎರಡರ ಕ್ಷೇತ್ರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ.

ಎಲ್ಲ ಕೂರಿಸಿದ ಮೇಲೆ ಬ್ಯಾಟರಿ ಸ್ವಿಚ್ ಆಫ್ ಇರುವಾಗಲೇ ಫ್ಯೂಸ್ ಹಾಕಿ, ಇನ್ವರ್ಟರಿಗೆ ಸೇರುವ ತುದಿಗಳ ಧ್ರುವವನ್ನು ಮೀಟರಿನಿಂದ ನೋಡಿಕೊಳ್ಳಬೇಕು. ಒಮ್ಮೆ ಅದಲುಬದಲಾದರೆ ಸಾಮಾನ್ಯವಾಗಿ ಇನ್ವರ್ಟರ್ ಮುಗಿದಂತೆಯೇ. ಪೂರ್ಣ ಹೊರೆ ಹಾಕಿ ಬ್ಯಾಟರಿಯ ತುದಿಯಲ್ಲೂ ಇನ್ವರ್ಟರಿನ ತುದಿಯಲ್ಲೂ ವೋಲ್ಟೇಜು ಅಳೆದು ವ್ಯತ್ಯಾಸವನ್ನು ಬರೆದಿಡಬೇಕು, ಮುಂದೆ ಆ ಅಂಕಿ ಬೆಳೆದರೆ ಯಾವುದೋ ಜೋಡಣೆ ಕೆಡುತ್ತಿದೆ ಎಂದರ್ಥ. ಅದೇ ಹೊತ್ತಿನಲ್ಲಿ ದಿಕ್ಸೂಚಿಯನ್ನು ನೋಡುತ್ತ ಇನ್ವರ್ಟರನ್ನು ಆನ್ ಆಫ್ ಮಾಡಿ ಸೂಜಿ ಅಲುಗದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಕೆಯಿಲ್ಲದಾಗ ಇನ್ವರ್ಟರನ್ನು ಆರಿಸಿಡಬೇಕು: ಖಾಲಿ ಓಡುವಾಗ ಅದು 0.6 ಆಂಪಿಯರ್ ಎಳೆದರೂ ದಿನಕ್ಕೆ 14 ಆಂಪಿಯರ್-ಗಂಟೆ ಹೋಗುತ್ತದೆ, ಮತ್ತು ನೂರರ ಸೀಸ-ಆಮ್ಲ ಬ್ಯಾಟರಿಯಲ್ಲಿ ನಾವು ಧಾರಾಳವಾಗಿ ಬಳಸಬಹುದಾದದ್ದು ಐವತ್ತು ಮಾತ್ರ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಇನ್ವರ್ಟರ್ ಮುಟ್ಟದಂತೆ ಬೇರೆಯಾಗಿಯೇ ಇಡಬೇಕು. ಮೊದಲ ಸಮುದ್ರಯಾನದ ನಂತರ ಎಲ್ಲ ಬೋಲ್ಟುಗಳನ್ನೂ, ಸ್ವಿಚ್ ಆಫ್ ಮಾಡಿ, ಇನ್ನೊಮ್ಮೆ ಬಿಗಿ ಮಾಡಬೇಕು.