ಎಂಜಲು ಟೆಸ್ಟ್ ಮಾಡಿಸಿದರೆ ಮಗಳ ಆಟ ಗೊತ್ತಾಗುತ್ತಾ?

ಪ್ರಶ್ನೆ: ಮಗಳಿಗೆ 9 ವರ್ಷ, ಚೆನ್ನಾಗಿ ಓಡುತ್ತಾಳೆ. ಎಂಜಲು ಕಳಿಸಿದರೆ ಯಾವ ಆಟ ಹೊಂದುತ್ತದೆ ಅಂತ ಜೀನ್ ನೋಡಿ ಹೇಳುತ್ತಾರಂತೆ. ಮಾಡಿಸೋಣವಾ?

ಬೇಡ. ಹೋದ ಸಲವೂ ಇದನ್ನೇ ಬರೆದಿದ್ದೆ, ಅದರ ಹಿಂದಿನ ಸಲವೂ. ಇರಲಿ, ಇನ್ನೊಮ್ಮೆ.

ಈ ಟೆಸ್ಟ್‌ಗಳ ದೊಡ್ಡ ಬಂಡವಾಳ ಎಸಿಟಿಎನ್3 ಅನ್ನುವ ಜೀನ್. ಅದಕ್ಕೆ ಬಿದ್ದ ಅಡ್ಡಹೆಸರು 'ವೇಗದ ಜೀನ್'. ಥಟ್ಟನೆ ಬಿಗಿಯುವ ಸ್ನಾಯುವಿನ ಎಳೆಗಳಲ್ಲಿರುವ ಒಂದು ಪ್ರೋಟೀನ್ ಇದರಿಂದ ತಯಾರಾಗುತ್ತದೆ. ದೊಡ್ಡ ಮಟ್ಟದ ಸ್ಪ್ರಿಂಟರ್‌ಗಳಲ್ಲಿ ಈ ಪ್ರೋಟೀನ್ ಇಲ್ಲದವರು ತೀರಾ ಕಡಿಮೆ ಅಂತ 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಅಷ್ಟು ನಿಜ. ಈಗ ಲೆಕ್ಕ ತಿರುಗಿಸಿ ಹಾಕಿ. ಪ್ರಪಂಚದಲ್ಲಿ ಈ ಪ್ರೋಟೀನ್ ಇಲ್ಲದವರು ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಅಂದರೆ ಇರುವವರು ನಾಲ್ವರು! ಅದೇ ಲೆಕ್ಕದಲ್ಲಿ 40 ಮಕ್ಕಳ ಕ್ಲಾಸಿನಲ್ಲಿ 32 ಮಕ್ಕಳಿಗೆ 'ವೇಗದ ಜೀನ್ ಇದೆ' ಅಂತ ರಿಪೋರ್ಟ್ ಬರುತ್ತದೆ. ಸ್ಪೋರ್ಟ್ಸ್ ಡೇ ದಿನ ಆ 32ರಲ್ಲಿ ಎಷ್ಟು ಜನ ಅರ್ಧಕ್ಕೇ ಸೊಂಟ ಹಿಡಿದು ನಿಲ್ಲುತ್ತಾರೆ ಅಂತ ನೀವೇ ನೋಡಿದ್ದೀರಿ, ಅಲ್ವಾ? ಇಷ್ಟು ತಿಳಿಯೋಕೆ ದುಡ್ಡು ಯಾಕೆ? ಬರೀ ಎತ್ತರದ ವಿಷಯಕ್ಕೇ ಡಿಎನ್‌ಎಯಲ್ಲಿ ಸುಮಾರು 12,000 ಜಾಗಗಳು ಕೈ ಹಾಕುತ್ತವೆ ಅಂತ 2022ರಲ್ಲಿ ಗೊತ್ತಾಗಿದೆ. ಓಟವನ್ನು ಒಂದೇ ಜೀನ್ ನಡೆಸುತ್ತದೆ ಅನ್ನುವುದು ಸುಮ್ನೆ ವ್ಯಾಪಾರದ ಮಾತು.

ಹಾಗಂತ ಜೀನ್ ಲೆಕ್ಕಕ್ಕಿಲ್ಲ ಅಂತಲ್ಲ. ಹೆರಿಟೇಜ್ ಅನ್ನುವ ಒಂದು ಅಧ್ಯಯನದಲ್ಲಿ ಮನೆಮಂದಿಯನ್ನೆಲ್ಲ ಕರೆಸಿ 20 ವಾರ ಒಂದೇ ಕ್ರಮದಲ್ಲಿ ಸೈಕಲ್ ತುಳಿಸಿದರು. ಕೆಲವರ ದಮ್ಮು ಸಿಕ್ಕಾಪಟ್ಟೆ ಏರಿತು. ಕೆಲವರದ್ದು ಇದ್ದಲ್ಲೇ ಇತ್ತು. ಒಂದೇ ಮನೆಯವರ ಏರಿಕೆ ಮಾತ್ರ ಬಹುಮಟ್ಟಿಗೆ ಒಂದೇ ಥರ. ತಾಲೀಮಿಗೆ ಮೈ ಎಷ್ಟು ಒಗ್ಗುತ್ತದೆ ಅನ್ನುವುದರಲ್ಲೂ ಜೀನ್ ಪಾಲಿದೆ. ಆದರೆ ಅವರು ಸೈಕಲ್ ಹತ್ತದೇ ಇದ್ದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ಮಗಳನ್ನು ಮೈದಾನಕ್ಕೆ ಕಳಿಸಿ. ಒಂದೇ ಆಟಕ್ಕೆ ಈಗಲೇ ಕಟ್ಟಿಹಾಕಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 'ಕೊಡಗಿನವರಿಗೆ ಹಾಕಿ ರಕ್ತದಲ್ಲೇ ಬಂದಿದೆ' ಅನ್ನುವವರು ಜಾಸ್ತಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360! ಮಾವ, ಸೊಸೆ, ಶಾಲೆಗೆ ಹೋಗುವ ಹುಡುಗ, ಎಲ್ಲ ಒಂದೇ ತಂಡ. ಅಂಥ ಮನೆಯ ಮಗುವಿಗೆ ನಡೆಯೋಕೆ ಬರುವ ಹೊತ್ತಿಗೆ ಬಾಗಿಲ ಹಿಂದೆ ಸ್ಟಿಕ್ ಇರುತ್ತದೆ, ಆಡಿಸೋಕೆ ಚಿಕ್ಕಪ್ಪ ಇರುತ್ತಾನೆ. ಅದರಲ್ಲಿ ರಕ್ತ ಎಷ್ಟು, ಅಂಗಳ ಎಷ್ಟು ಅಂತ ಬಿಡಿಸಿ ತೂಗೋಕೆ ಆಗಲ್ಲ.